ಎರಡು ಎಂಜಿನ್‌ನ ಹಳೇ ಮೋಟಾರ್ ಯಾಟ್: ಕೊಳ್ಳಬೇಕಾ, ಬಿಡಬೇಕಾ? ಒಂದು ಪ್ರಕರಣದ ಪೂರ್ತಿ ಲೆಕ್ಕ

ಬೋಟು 2003ರಲ್ಲಿ ಕಟ್ಟಿದ್ದು. ಉದ್ದ 42 ಅಡಿ, ಫೈಬರ್ ಮೈ, ಮೇಲೊಂದು ಫ್ಲೈಬ್ರಿಡ್ಜ್ (ಚಾವಣಿಯ ಮೇಲೆ ಕೂತು ಬೋಟು ಓಡಿಸುವ ಜಾಗ), ಒಳಗೆ ಎರಡು ಕ್ಯಾಬಿನ್. ನೆಲದ ಕೆಳಗೆ ಆರು ಸಿಲಿಂಡರಿನ ಎರಡು ಟರ್ಬೊ ಡೀಸೆಲ್ ಎಂಜಿನ್, ತಲಾ 370 ಅಶ್ವಶಕ್ತಿ, ಶಾಫ್ಟ್ ಮೂಲಕ ಎರಡು ಪ್ರೊಪೆಲ್ಲರ್. ಕೊಳ್ಳಲು ಹೊರಟವರು ಗಂಡ ಹೆಂಡತಿ. ಮಾರುತ್ತಿದ್ದವರು ಎರಡನೇ ಮಾಲೀಕರು. ಬೋಟಿನ ಮೈ ನೋಡುವುದಕ್ಕೆ ಒಬ್ಬ ಸರ್ವೇಯರ್ ಇದ್ದರು, ಎಂಜಿನ್ ನೋಡಿ ಹೇಳಿ ಅಂತ ನನ್ನನ್ನು ಕರೆದಿದ್ದರು. ಇದು ಎರಡು ಬೇರೆ ಬೇರೆ ಕೆಲಸ. ಮೈ ನೋಡುವ ಸರ್ವೇಯರ್ ಎಂಜಿನ್ ಚಾಲೂ ಆಗುತ್ತದೆ, ಎಣ್ಣೆ ಸೋರುತ್ತಿಲ್ಲ ಅನ್ನುವಷ್ಟು ಬರೆದು ಮುಂದೆ ಹೋಗುತ್ತಾರೆ. ಈ ಗಾತ್ರದ ಬೋಟಿನಲ್ಲಿ ಅರ್ಧ ದುಡ್ಡು ನೆಲದ ಕೆಳಗೇ ಇರುತ್ತದೆ, ಹಾಗಾಗಿ ಅಷ್ಟು ಸಾಲದು.

ದುಡ್ಡಿನ ಲೆಕ್ಕವನ್ನೆಲ್ಲ ಮಾರುವವರು ಕೇಳಿದ ಬೆಲೆ 100 ಅಂತ ಇಟ್ಟುಕೊಂಡು ಬರೆದಿದ್ದೇನೆ. ಯಾವ ದೇಶದ ಹಣವಾದರೂ ಅನುಪಾತ ಅರ್ಥವಾದರೆ ಸಾಕು. ಬೋಟು ಕೊನೆಗೆ 71ಕ್ಕೆ ಕೈ ಬದಲಾಯಿತು. ಮಾಲೀಕರು 90ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ ಅಂದಿದ್ದರು. ಆ ಅಂತರವನ್ನು ಕಡಿಮೆ ಮಾಡಿದ್ದು ಚೌಕಾಸಿಯ ಜಾಣತನ ಅಲ್ಲ. ಎರಡು ಎಂಜಿನ್‌ಗಳ ನಡುವೆ ಕಂಡ ವ್ಯತ್ಯಾಸಗಳು.

ಎರಡು ಎಂಜಿನ್ ಇರುವ ಬೋಟು ನೋಡುವಾಗ ನನಗೆ ಬೇರೆಲ್ಲಕ್ಕಿಂತ ಮುಖ್ಯವಾದ ವಿಷಯ ಇದು. ಒಂದೇ ಎಂಜಿನ್ ಇದ್ದರೆ ಅದು ಚೆನ್ನಾಗಿದೆಯಾ ಅಂತ ಕಾರ್ಖಾನೆಯ ಪುಸ್ತಕದ ಜೊತೆ ಹೋಲಿಸಬೇಕು. ಎರಡಿದ್ದರೆ ಪಕ್ಕದಲ್ಲೇ ಇನ್ನೊಂದಿದೆ. ಅದೇ ವಯಸ್ಸು, ಅದೇ ಮಾದರಿ, ಅದೇ ಡೀಸೆಲ್, ಅದೇ ನೀರು. ಎರಡೂ ಒಂದೇ ಥರ ನಡೆದುಕೊಳ್ಳಬೇಕು. ನಡೆದುಕೊಳ್ಳದಿದ್ದರೆ ಅದಕ್ಕೆ ಕಾರಣ ಇದ್ದೇ ಇರುತ್ತದೆ, ಆ ಕಾರಣ ಸಿಗುವವರೆಗೆ ಬೆಲೆ ಮಾತಾಡಬಾರದು.

ಮೊದಲ ವ್ಯತ್ಯಾಸ ಬೋಟು ಚಾಲೂ ಮಾಡುವ ಮುಂಚೆಯೇ ಕಂಡಿತು. ಗಂಟೆ ಮೀಟರ್ ಬಲ ಎಂಜಿನ್‌ನಲ್ಲಿ 1,460 ತೋರಿಸುತ್ತಿತ್ತು, ಎಡದ್ದರಲ್ಲಿ 1,180. ಜಾಹೀರಾತಿನಲ್ಲಿ "ಕಡಿಮೆ ಓಡಿದ ಎಂಜಿನ್" ಅಂತ ದೊಡ್ಡದಾಗಿ ಬರೆದಿದ್ದರು. ಗಂಡನಿಗೆ ಅದೇ ಖುಷಿ. ಆದರೆ ಡೀಸೆಲ್ ಎಂಜಿನ್‌ಗೆ 1,500 ಗಂಟೆ ಏನೂ ಅಲ್ಲ, ಸರಿಯಾಗಿ ನೋಡಿಕೊಂಡರೆ ಅದರ ಹಲವು ಪಟ್ಟು ಓಡುತ್ತದೆ. ಉಪ್ಪು ನೀರಿನ ಮೇಲೆ ಸುಮ್ನೆ ನಿಂತಿರುವುದೇ ಅದಕ್ಕೆ ಜಾಸ್ತಿ ಕೆಟ್ಟದ್ದು. ಹಾಗಾಗಿ ಒಟ್ಟು ಗಂಟೆ ನನಗೆ ಮುಖ್ಯ ಅನ್ನಿಸಲಿಲ್ಲ. ನಡುವಿನ 280 ಗಂಟೆ ಎಲ್ಲಿ ಹೋಯಿತು ಅನ್ನುವುದು ಮುಖ್ಯವಾಗಿತ್ತು. ಮೀಟರ್ ಕೆಟ್ಟಿರಬಹುದು, ಬದಲಾಯಿಸಿರಬಹುದು, ಎಡ ಎಂಜಿನ್ ರಿಪೇರಿಗೆ ನಿಂತಿರಬಹುದು. ಸರ್ವಿಸ್ ರಸೀದಿಗಳನ್ನು ತಾರೀಕಿನ ಪ್ರಕಾರ ಜೋಡಿಸಿ ನೋಡಿದೆವು. ಮೊದಲ ಮಾಲೀಕರ ಕಾಲದಲ್ಲಿ ಎರಡೂ ಮೀಟರ್ ಜೊತೆಜೊತೆಗೇ ಏರಿವೆ. ಎರಡನೆಯವರ ಕೈಗೆ ಬಂದ ಮೇಲೆ ಎಡದ್ದು ಪ್ರತಿ ಸಲವೂ ಹಿಂದೆ ಬಿದ್ದಿದೆ.

ಕೇಳಿದಾಗ ಅವರು ಏನೂ ಮುಚ್ಚಿಡದೆ ಹೇಳಿದರು. "ನಿಧಾನ ಹೋಗೋವಾಗ ಎರಡೂ ಯಾಕೆ ಓಡಿಸೋದು ಅಂತ ಎಡದ್ದನ್ನ ಆಫ್ ಮಾಡ್ತಿದ್ದೆ ಸರ್. ಡೀಸೆಲ್ ಉಳಿಯುತ್ತಲ್ವಾ?"

ಸ್ವಲ್ಪ ಉಳಿಯುತ್ತದೆ, ನಿಜ. ಆದರೆ ಆಫ್ ಮಾಡಿದ ಕಡೆ ಏನಾಗುತ್ತದೆ ನೋಡಿ. ಬೋಟು ಮುಂದೆ ಹೋಗುತ್ತಿರುವಾಗ ಆ ಪ್ರೊಪೆಲ್ಲರ್ ನೀರಿನ ರಭಸಕ್ಕೆ ತನ್ನಷ್ಟಕ್ಕೆ ತಿರುಗುತ್ತದೆ, ಶಾಫ್ಟ್ ತಿರುಗುತ್ತದೆ, ಗೇರ್‌ಬಾಕ್ಸಿನ ಹಿಂಭಾಗವೂ ತಿರುಗುತ್ತದೆ. ಎಂಜಿನ್ ನಿಂತಿರುವುದರಿಂದ ಗೇರ್‌ಬಾಕ್ಸಿನ ಎಣ್ಣೆ ಪಂಪ್ ಓಡುವುದಿಲ್ಲ. ಕೆಲವು ಗೇರ್‌ಬಾಕ್ಸ್‌ಗಳು ಅದನ್ನು ತಡೆದುಕೊಳ್ಳುತ್ತವೆ, ಕೆಲವು ಇಲ್ಲ, ತಯಾರಕರ ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದಿರುತ್ತಾರೆ. ಶಾಫ್ಟ್ ಸೀಲಿಗೆ ಎಂಜಿನ್‌ನಿಂದ ತಣ್ಣೀರು ಹೋಗುವ ವ್ಯವಸ್ಥೆ ಇದ್ದರೆ ಆ ನೀರೂ ನಿಲ್ಲುತ್ತದೆ. ಇನ್ನೂ ದೊಡ್ಡ ತೊಂದರೆ ಎಕ್ಸಾಸ್ಟ್ ಕಡೆಯದು. ಹೊಗೆ ಹೊರಗೆ ಬರುತ್ತಿದ್ದರೆ ಅಲೆಯ ನೀರನ್ನು ಅದೇ ಹೊರಗೆ ನೂಕುತ್ತದೆ. ಎಂಜಿನ್ ನಿಂತಿದ್ದು ಹಿಂದಿನಿಂದ ಅಲೆ ಬರುತ್ತಿದ್ದರೆ ನೀರು ಪೈಪಿನೊಳಗೆ ಹಿಂದಕ್ಕೆ ತಳ್ಳಿಸಿಕೊಳ್ಳುತ್ತದೆ. ನೀರೇ ಎಂಜಿನ್ ತಲುಪದಿದ್ದರೂ ಉಪ್ಪಿನ ತೇವ ತಲುಪುತ್ತದೆ. ಹಾಗಾಗಿ ಎಡ ಎಂಜಿನ್‌ನ ಎಕ್ಸಾಸ್ಟ್ ಬಿಚ್ಚಿ ನೋಡದೆ ಈ ಬೋಟಿನ ಬಗ್ಗೆ ಏನೂ ಹೇಳುವುದಿಲ್ಲ ಅಂತ ಅವತ್ತೇ ದಂಪತಿಗೆ ತಿಳಿಸಿದೆ.

ಬಿಚ್ಚುವ ಮೊದಲು ಓಡಿಸಿ ನೋಡಬೇಕಿತ್ತು. ಮೊದಲ ಭೇಟಿಯಲ್ಲಿ ನಾವು ಹೋಗುವಷ್ಟರಲ್ಲಿ ಎರಡೂ ಎಂಜಿನ್ ಬಿಸಿಯಾಗಿದ್ದವು. ಮಾಲೀಕರು "ನಿಮಗೆ ಕಾಯೋದು ಬೇಡ ಅಂತ" ಮುಂಚೆಯೇ ಚಾಲೂ ಮಾಡಿಟ್ಟಿದ್ದರು. ಒಳ್ಳೆ ಮನಸ್ಸಿನಿಂದಲೇ ಮಾಡಿರಬಹುದು, ಆದರೆ ತಣ್ಣಗಿರುವ ಎಂಜಿನ್ ಚಾಲೂ ಆಗುವುದನ್ನು ನೋಡದೆ ಡೀಸೆಲ್ ಬಗ್ಗೆ ತೀರ್ಪು ಕೊಡುವುದಕ್ಕಾಗುವುದಿಲ್ಲ. ಮುಂದಿನ ಸಲ ಯಾರೂ ಮುಟ್ಟಬೇಡಿ ಅಂತ ಹೇಳಿಟ್ಟು, ಹೋದ ಕೂಡಲೇ ಎರಡೂ ಬ್ಲಾಕಿನ ಮೇಲೆ ಅಂಗೈ ಇಟ್ಟು ತಣ್ಣಗಿದೆ ಅಂತ ಖಾತ್ರಿ ಮಾಡಿಕೊಂಡೆ. ಬಲದ್ದು ಕೀ ತಿರುಗಿಸಿದ ತಕ್ಷಣ ಹಿಡಿಯಿತು. ಎಡದ್ದು ಎಳೆದೆಳೆದು ಸ್ಟಾರ್ಟ್ ಆಯಿತು, ಆಮೇಲೂ ಬಹಳ ಹೊತ್ತು ಬಿಳಿ ಹೊಗೆ. ತಣ್ಣಗಿನ ಡೀಸೆಲ್ ಸ್ವಲ್ಪ ಬಿಳಿ ಹೊಗೆ ಬಿಡುವುದು ಸಹಜ. ಪಕ್ಕದ ಜೋಡಿ ಬಿಡುತ್ತಿಲ್ಲ, ಇದು ಬಿಡುತ್ತಿದೆ ಅಂದರೆ ಯಾವುದೋ ಸಿಲಿಂಡರಿನಲ್ಲಿ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ.

ಎಂಜಿನ್ ಎಣ್ಣೆ ಎರಡರಲ್ಲೂ ಜೇನಿನ ಬಣ್ಣಕ್ಕಿತ್ತು. ನೋಡಿದವರಿಗೆ ಚೆನ್ನಾಗಿ ಕಾಣುತ್ತದೆ, ಆದರೆ ಡೀಸೆಲ್ ಎಂಜಿನ್‌ನಲ್ಲಿ ಎಣ್ಣೆ ಸ್ವಲ್ಪ ಓಡಿದರೂ ಕಪ್ಪಾಗುತ್ತದೆ. ಇದು ಆಗಷ್ಟೇ ಬದಲಾಯಿಸಿದ್ದು. ಎಣ್ಣೆಯ ಸ್ಯಾಂಪಲ್ ಲ್ಯಾಬಿಗೆ ಕಳಿಸಿದರೆ ಕಬ್ಬಿಣ, ತಾಮ್ರ, ಸೋಡಿಯಂ ಎಷ್ಟಿದೆ ಅಂತ ಗೊತ್ತಾಗಿ ಒಳಗಿನ ಸವೆತ, ಉಪ್ಪು ನೀರು ಎರಡರ ಸುಳಿವೂ ಸಿಗುತ್ತದೆ. ಹೊಸ ಎಣ್ಣೆಯಲ್ಲಿ ಏನು ಸಿಗುತ್ತದೆ? ಗೇರ್‌ಬಾಕ್ಸ್ ಎಣ್ಣೆ ಮಾತ್ರ ಹಳೆಯದಿತ್ತು, ಅದನ್ನೇ ಕಳಿಸಿದೆವು. ನಾನು ಹೆದರಿದ್ದ ಎಡ ಗೇರ್‌ಬಾಕ್ಸ್ ಬಲದ್ದರಷ್ಟೇ ಚೆನ್ನಾಗಿದೆ ಅಂತ ವರದಿ ಬಂತು.

ಸೀ ಟ್ರಯಲ್‌ನಲ್ಲಿ, ಅಂದರೆ ಬೋಟನ್ನು ಸಮುದ್ರಕ್ಕೆ ಒಯ್ದು ಓಡಿಸಿ ನೋಡುವಾಗ, ನಾನು ಕಾಯುವುದು ಪೂರ್ತಿ ಥ್ರಾಟಲ್ ಕೊಟ್ಟ ಹೊತ್ತಿಗಾಗಿ. ಈ ಎಂಜಿನ್‌ಗಳ ರೇಟಿಂಗ್ 3,000 ಆರ್‌ಪಿಎಂ, ಅಂದರೆ ನಿಮಿಷಕ್ಕೆ 3,000 ಸುತ್ತು. ಬೋಟಿನಲ್ಲಿ ಜನ, ನೀರು, ಡೀಸೆಲ್ ಎಲ್ಲ ಇದ್ದು ಪೂರ್ತಿ ಥ್ರಾಟಲ್‌ನಲ್ಲಿ ಅದು 3,000 ಮುಟ್ಟಬೇಕು, ಸ್ವಲ್ಪ ದಾಟಿದರೆ ಇನ್ನೂ ಒಳ್ಳೆಯದು. ಮುಟ್ಟದಿದ್ದರೆ ಎಂಜಿನ್ ಯಾವಾಗಲೂ ತನ್ನ ಶಕ್ತಿ ಮೀರಿದ ಹೊರೆ ಎಳೆಯುತ್ತಿದೆ, ಇಲ್ಲವೇ ಅದರ ಶಕ್ತಿಯೇ ಕುಗ್ಗಿದೆ. ಡ್ಯಾಶ್‌ಬೋರ್ಡಿನ ಮುಳ್ಳನ್ನು ನಂಬಬೇಡಿ, ಹಳೇ ಟ್ಯಾಕೋಮೀಟರ್‌ಗಳು ಬಾಯಿಗೆ ಬಂದದ್ದು ಹೇಳುತ್ತವೆ. ಕ್ರ್ಯಾಂಕ್ ಪುಲ್ಲಿಗೆ ಹೊಳೆಯುವ ಪಟ್ಟಿ ಅಂಟಿಸಿ ಫೋಟೊ ಟ್ಯಾಕೋಮೀಟರ್‌ನಿಂದ ಅಳೆದೆ. ಬಲ 3,020. ಎಡ 2,810. ಉಷ್ಣತೆಯೂ ಎಡದ್ದು ಆರು ಡಿಗ್ರಿ ಜಾಸ್ತಿ.

ಇಲ್ಲಿ ಆತುರ ಪಡಬಾರದು. ಎಡ ಪ್ರೊಪೆಲ್ಲರ್ ಡೊಂಕಾಗಿದ್ದರೂ, ಅದಕ್ಕೆ ಚಿಪ್ಪು ಹಿಡಿದಿದ್ದರೂ, ಎರಡರ ಪಿಚ್ (ರೆಕ್ಕೆಯ ಓರೆಯ ಅಳತೆ) ಬೇರೆ ಇದ್ದರೂ ಹೀಗೇ ಆಗುತ್ತದೆ. ಅದು ಸಣ್ಣ ಖರ್ಚು. ಬೋಟನ್ನು ನೀರಿನಿಂದ ಎತ್ತಿದ ದಿನ ಎರಡೂ ಪ್ರೊಪೆಲ್ಲರ್ ಅಳೆದೆವು. ಒಂದೇ ವ್ಯಾಸ, ಒಂದೇ ಪಿಚ್, ಎರಡೂ ಸ್ವಚ್ಛ. ಶಾಫ್ಟ್ ಕೈಯಿಂದ ಸಲೀಸಾಗಿ ತಿರುಗಿತು, ಬೇರಿಂಗ್ ಸಡಿಲ ಇಲ್ಲ. ಅಲ್ಲಿಗೆ ತಪ್ಪು ಎಂಜಿನ್‌ನದ್ದೇ ಅಂತ ಆಯಿತು.

ಎತ್ತಿದಾಗ ಮೈ ಸರ್ವೇಯರ್ ತಮ್ಮ ಕೆಲಸ ಮಾಡಿದರು. ತಳದಲ್ಲಿ ಅಲ್ಲೊಂದು ಇಲ್ಲೊಂದು ಸಣ್ಣ ಗುಳ್ಳೆ. ಒಂದನ್ನು ಚುಚ್ಚಿದಾಗ ಹುಳಿ ವಾಸನೆಯ ನೀರು ಬಂತು, ಅಂದರೆ ಆಸ್ಮೋಸಿಸ್, ಫೈಬರ್ ಒಳಗೆ ನೀರು ಇಳಿದು ಗುಳ್ಳೆ ಏಳುವುದು. ಹೆಂಡತಿ ಗಾಬರಿಯಾದರು. ಈ ವಯಸ್ಸಿನ ಫೈಬರ್ ತಳದಲ್ಲಿ ಇಷ್ಟು ಗುಳ್ಳೆ ಇದ್ದರೆ ಬಣ್ಣ ಹೊಡೆಯುವಾಗ ಕೆತ್ತಿ ಎಪಾಕ್ಸಿ ತುಂಬಿದರೆ ಮುಗಿಯಿತು, ಅದಕ್ಕಾಗಿ ಯಾರೂ ಬೋಟು ಬಿಡಬೇಕಿಲ್ಲ. ಡೆಕ್ ಬೇರೆ ವಿಷಯ. ಅದರ ಒಳಗೆ ಬಾಲ್ಸಾ ಮರದ ಪದರ ಇದೆ. ರೇಲಿಂಗ್ ಕಂಬಗಳ ಬುಡದಲ್ಲಿ ಸಣ್ಣ ಸುತ್ತಿಗೆಯಿಂದ ಬಡಿದಾಗ ಟಣ್ ಅನ್ನುವ ಬದಲು ಮಂಕಾಗಿ ದಬ್ ಅಂತ ಕೇಳಿಸಿತು. ತೇವದ ಮೀಟರ್ ಕೂಡ ಅದನ್ನೇ ಹೇಳಿತು. ಸ್ಕ್ರೂ ತೂತುಗಳಿಂದ ನೀರು ಇಳಿದು ಮರ ಕೊಳೆಯಲು ಶುರುವಾಗಿದೆ, ಆದರೆ ಹರಡಿಲ್ಲ.

ನೀರಿನ ಮಟ್ಟಕ್ಕಿಂತ ಕೆಳಗಿರುವ ವಾಲ್ವುಗಳಲ್ಲಿ ಎರಡನ್ನು ಅವರು ಚಾಕುವಿನಿಂದ ಕೆರೆದು ನನಗೂ ತೋರಿಸಿದರು. ಹಳದಿ ಬಣ್ಣ ಬರಬೇಕಾದ ಕಡೆ ಗುಲಾಬಿ ಬಂತು. ಹಿತ್ತಾಳೆಯಲ್ಲಿದ್ದ ಸತು ಉಪ್ಪು ನೀರಿಗೆ ಕರಗಿ ಹೋಗಿ ಪೊಳ್ಳು ತಾಮ್ರ ಉಳಿದಿದೆ ಅಂತ ಅರ್ಥ. ಅಂಥ ವಾಲ್ವ್ ಯಾರದೋ ಕಾಲು ತಾಗಿದರೂ ಮುರಿಯಬಹುದು, ಮುರಿದರೆ ಬೋಟು ಮುಳುಗುತ್ತದೆ. ಬೆಲೆಯ ಮಾತು ಏನೇ ಆಗಲಿ, ಇದನ್ನು ಬದಲಾಯಿಸದೆ ಬೋಟನ್ನು ಮತ್ತೆ ನೀರಿಗೆ ಇಳಿಸಬೇಡಿ ಅಂತ ಮಾಲೀಕರಿಗೇ ಹೇಳಿದೆವು. ಎರಡು ಅಲ್ಯೂಮಿನಿಯಂ ಡೀಸೆಲ್ ಟ್ಯಾಂಕ್‌ಗಳಲ್ಲಿ ಒಂದರ ಅಡಿಯಲ್ಲಿ ಬಿಳಿ ಪುಡಿ, ಚುಕ್ಕೆ ಚುಕ್ಕೆ ಸವೆತ. ಸೋರುತ್ತಿಲ್ಲ, ಆದರೆ ಇನ್ನು ಬಹಳ ವರ್ಷ ಬಾಳುವ ಟ್ಯಾಂಕ್ ಅಲ್ಲ.

ಈಗ ಎಡ ಎಂಜಿನ್. ಬಿಚ್ಚುವುದಕ್ಕೆ ಮಾಲೀಕರ ಒಪ್ಪಿಗೆ ಬೇಕು, ಬಿಚ್ಚಿದ ಮೇಲೆ ವ್ಯಾಪಾರ ಮುರಿದರೆ ಜೋಡಿಸುವ ಖರ್ಚು ಯಾರದು ಅನ್ನುವುದೂ ಮೊದಲೇ ಬರೆದಿಟ್ಟುಕೊಳ್ಳಬೇಕು. ನಮ್ಮ ಒಪ್ಪಂದ ಹೀಗಿತ್ತು: ಒಳಗೆ ಏನೂ ಸಿಗದಿದ್ದರೆ ಕೊಳ್ಳುವವರು ಕೊಡುತ್ತಾರೆ, ದೋಷ ಸಿಕ್ಕರೆ ಮಾರುವವರು. ಒಂದೇ ಹಾಳೆ, ಎರಡು ಸಹಿ.

ಮೊದಲು ತೆಗೆದದ್ದು ಮಿಕ್ಸಿಂಗ್ ಎಲ್ಬೋ, ಅಂದರೆ ಟರ್ಬೊದಿಂದ ಬರುವ ಬಿಸಿ ಹೊಗೆಗೆ ಸಮುದ್ರದ ನೀರು ಬೆರೆಸಿ ತಣ್ಣಗೆ ಮಾಡುವ ಮೊಣಕೈ ಪೈಪ್. ಬಿಸಿ ಹೊಗೆ, ಉಪ್ಪು ನೀರು ಎರಡೂ ಸೇರುವ ಜಾಗ ಅದು, ಹಾಗಾಗಿ ಒಳಗಿನಿಂದ ತುಕ್ಕು ತಿನ್ನುತ್ತಾ ಹೋಗುತ್ತದೆ, ಹೊರಗಿನ ಬಣ್ಣ ಮಾತ್ರ ಹೊಸದರಂತೆ ಇರುತ್ತದೆ. ಇದರ ಒಳಬಾಯಿ ತುಕ್ಕು ಮತ್ತು ಮಸಿಯಿಂದ ಅರ್ಧಕ್ಕರ್ಧ ಕಟ್ಟಿಹೋಗಿತ್ತು. ಎಂಜಿನ್ ಉಸಿರು ಬಿಡಲಾಗದೆ ಒದ್ದಾಡುತ್ತಿದ್ದುದಕ್ಕೆ ಒಂದು ಕಾರಣ ಸಿಕ್ಕಿತು. ಅಷ್ಟೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು. ಟರ್ಬೊದ ಬಿಸಿ ಕಡೆಯ ಚಕ್ರದ ಮೇಲೂ ಕಂದು ಹೊಪ್ಪಳೆ ಇತ್ತು, ಅಂದರೆ ತೇವ ಅಲ್ಲಿಗೂ ಬಂದಿದೆ. ಇಂಜೆಕ್ಟರ್ ತೆಗೆದು ಒಂದೊಂದೇ ಸಿಲಿಂಡರಿಗೆ ಕ್ಯಾಮೆರಾ ಇಳಿಸಿದೆ. ಐದು ಸಿಲಿಂಡರ್ ಸರಿ. ಆರನೆಯದರ ಗೋಡೆಯ ಮೇಲೆ ಒಂದು ಕಂದು ಪಟ್ಟಿ. ಕಂಪ್ರೆಷನ್ ಟೆಸ್ಟ್‌ನಲ್ಲೂ ಆರನೆಯದೇ ಹಿಂದೆ ಬಿತ್ತು.

ಆ ಪಟ್ಟಿ ಬರೀ ಬಣ್ಣವಾ, ಆಳದ ಗಾಯವಾ? ಕ್ಯಾಮೆರಾದಲ್ಲಿ ಅದು ತಿಳಿಯುವುದಿಲ್ಲ. ಹೆಡ್, ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳ, ಎತ್ತಿಸಿದೆವು. ಎಂಜಿನ್ ನಿಂತಾಗ ಪಿಸ್ಟನ್ ಎಲ್ಲಿ ನಿಂತಿತ್ತೋ ಅದರ ಸ್ವಲ್ಪ ಮೇಲೆ, ಸಿಲಿಂಡರಿನ ಅರ್ಧ ಸುತ್ತಿಗೆ ತುಕ್ಕಿನ ಗೆರೆ. ತೇವ ಬಂದು ಕೂತಿದ್ದು ಅಲ್ಲೇ. ಬಟ್ಟೆಗೆ ಎಣ್ಣೆ ಹಚ್ಚಿ ಒರೆಸಿ, ಉಗುರನ್ನು ಮೇಲಿನಿಂದ ಕೆಳಗೆ ಎಳೆದೆ. ಉಗುರು ಸಿಕ್ಕಿಕೊಂಡಿತು. ಗಂಡನ ಕೈ ಹಿಡಿದು ಅವರಿಗೂ ಎಳೆಯಲು ಹೇಳಿದೆ. ಉಗುರು ಸಿಕ್ಕುವಷ್ಟು ಆಳದ ಗಾಯ ಇದ್ದರೆ ಬರೀ ಮೇಲ್ಮೇಲೆ ಉಜ್ಜಿ ಸರಿಮಾಡುವುದಕ್ಕಾಗುವುದಿಲ್ಲ. ಎಂಜಿನ್ ಹೊರಗೆ ಬರಬೇಕು, ಸಿಲಿಂಡರಿನ ಒಳಗೋಡೆ ಕೊರೆದು ಬೋರ್ ಆಗಬೇಕು, ಪಿಸ್ಟನ್ ರಿಂಗ್ ಎಲ್ಲ ಹೊಸದು ಹಾಕಬೇಕು.

ಎಂಜಿನ್ ಹೊರಗೆ ಬರಬೇಕು ಅಂದಾಕ್ಷಣ ಮುಂದಿನ ಪ್ರಶ್ನೆ, ಬರುತ್ತದಾ? ಕೆಲವು ಬೋಟುಗಳಲ್ಲಿ ಎಂಜಿನ್ ಇಟ್ಟ ಮೇಲೆ ಡೆಕ್ ಕಟ್ಟಿರುತ್ತಾರೆ, ತೆಗೆಯಬೇಕಾದರೆ ಫೈಬರ್ ಕತ್ತರಿಸಬೇಕು, ಆಗ ಖರ್ಚು ಎಲ್ಲಿಗೋ ಹೋಗುತ್ತದೆ. ಕೊಳ್ಳುವ ಮುಂಚೆ ಟೇಪ್ ಹಿಡಿದು ಇದೊಂದನ್ನು ಅಳೆಯಲೇಬೇಕು. ಇಲ್ಲಿ ಸಲೂನಿನ (ಬೋಟಿನ ಹಾಲ್) ನೆಲದ ಮುಚ್ಚಳ ದೊಡ್ಡದಿತ್ತು, ಹಿಂಬಾಗಿಲೂ ಅಗಲವಿತ್ತು. ಟರ್ಬೊ ಮತ್ತು ಕೂಲರ್‌ಗಳನ್ನು ಬಿಚ್ಚಿಟ್ಟರೆ ಎಂಜಿನ್ ಸಲೀಸಾಗಿ ದಾಟುತ್ತದೆ. ಇದು ದಾಟದಿದ್ದರೆ ನಾನು ಅಲ್ಲಿಗೇ ಕೈ ಮುಗಿದು ಬಿಟ್ಟುಬಿಡಿ ಅನ್ನುತ್ತಿದ್ದೆ.

ಇಷ್ಟೆಲ್ಲ ಆಗುವಾಗ ದಂಪತಿಯ ಮನಸ್ಸಿನಲ್ಲಿ ಇನ್ನೊಂದು ಪ್ರಶ್ನೆ ಇತ್ತು: ಎರಡು ಎಂಜಿನ್ ಬೇಕಾ ನಮಗೆ? ಹೆಂಡತಿ ಕೇಳಿದ್ದು ಇದನ್ನೇ, ಮತ್ತು ಅದು ಒಳ್ಳೆ ಪ್ರಶ್ನೆ. ಒಂದು ಕೆಟ್ಟರೆ ಇನ್ನೊಂದರಲ್ಲಿ ಮನೆ ಸೇರಬಹುದು ಅನ್ನುವುದು ನಿಜ, ಆದರೆ ಡೀಸೆಲ್‌ನಲ್ಲಿ ನೀರು ಸೇರಿದರೆ, ಕಸ ಸೇರಿದರೆ ಎರಡೂ ಒಟ್ಟಿಗೇ ನಿಲ್ಲುತ್ತವೆ. ಒಂದೇ ಎಂಜಿನ್ ಇರುವ ಎಷ್ಟೋ ಬೋಟುಗಳಲ್ಲಿ ಪ್ರೊಪೆಲ್ಲರ್‌ಗೆ ಕೀಲ್ (ತಳದ ನಡುವಿನ ಉದ್ದನೆಯ ಏಣು) ಅಡ್ಡ ಇರುತ್ತದೆ, ಎರಡಿರುವಲ್ಲಿ ಸಾಮಾನ್ಯವಾಗಿ ಎರಡೂ ಬಯಲಿಗೆ, ತೇಲುವ ಮರದ ದಿಮ್ಮಿಗೂ ಬಲೆಗೂ ಮೊದಲು ಸಿಗುವುದು ಅವೇ. ಲಾಭ ಗೊತ್ತಾಗುವುದು ದಕ್ಕೆಗೆ ಕಟ್ಟುವಾಗ. ಒಂದನ್ನು ಮುಂದೆ, ಇನ್ನೊಂದನ್ನು ಹಿಂದೆ ಹಾಕಿದರೆ ಬೋಟು ನಿಂತಲ್ಲೇ ತಿರುಗುತ್ತದೆ. ಅವರು ಇಬ್ಬರೇ ಓಡಾಡುವವರು, ಗಾಳಿ ಇರುವ ದಿನ ಇಬ್ಬರೇ ಕಟ್ಟಬೇಕು. ಆ ಒಂದು ಕಾರಣಕ್ಕೆ ನಾನು ಎರಡು ಎಂಜಿನ್‌ನ ಪರ ಇದ್ದೆ.

ಡೀಸೆಲ್ ಲೆಕ್ಕವನ್ನೂ ಒಟ್ಟಿಗೆ ಕೂತು ಹಾಕಿದೆವು. ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು 0.2 ಲೀಟರ್ ಅಂತ ಹಿಡಿದರೆ ಪೂರ್ತಿ ಥ್ರಾಟಲ್‌ನಲ್ಲಿ ಎರಡೂ ಸೇರಿ ಗಂಟೆಗೆ 148 ಲೀಟರ್. ಯಾರೂ ಹಾಗೆ ಓಡಿಸುವುದಿಲ್ಲ. 2,600 ಆರ್‌ಪಿಎಂನಲ್ಲಿ 20 ನಾಟ್ (ಗಂಟೆಗೆ 20 ನಾಟಿಕಲ್ ಮೈಲಿ) ವೇಗಕ್ಕೆ ಈ ಬೋಟು ಗಂಟೆಗೆ ನೂರು ಲೀಟರಿನ ಆಸುಪಾಸು ಕುಡಿಯುತ್ತದೆ, ಅಂದರೆ ನಾಟಿಕಲ್ ಮೈಲಿಗೆ 5 ಲೀಟರ್. ನಿಧಾನ ಹೋದರೆ ಚಿತ್ರವೇ ಬೇರೆ. ನೀರನ್ನು ಸೀಳಿಕೊಂಡು ಹೋಗುವ ಬೋಟಿಗೆ ಒಂದು ಸಹಜ ಮಿತಿ ಇದೆ, ನೀರಿನ ಗೆರೆಯ ಉದ್ದ ಅಡಿಯಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಸಿಗುತ್ತದೆ. ಇಲ್ಲಿ ನೀರಿನ ಗೆರೆ 38 ಅಡಿ, ಹಾಗಾಗಿ ಸುಮಾರು 8.3 ನಾಟ್. ಅದಕ್ಕಿಂತ ಸ್ವಲ್ಪ ಕೆಳಗೆ, 7.5 ನಾಟ್‌ನಲ್ಲಿ ಹೋದರೆ ಎರಡೂ ಎಂಜಿನ್ ಸೇರಿ ಗಂಟೆಗೆ 15 ಲೀಟರ್ ಸಾಕು, ನಾಟಿಕಲ್ ಮೈಲಿಗೆ 2 ಲೀಟರ್. ನೂರು ಮೈಲಿಗೆ 500 ಲೀಟರಾ, 200 ಲೀಟರಾ ಅನ್ನುವುದು ಕೈಯಲ್ಲಿರುವ ಥ್ರಾಟಲ್ ನಿರ್ಧರಿಸುತ್ತದೆ. ಒಂದು ಎಂಜಿನ್ ಆಫ್ ಮಾಡಿ ಉಳಿಯುವುದು ಇದರ ಮುಂದೆ ಚಿಲ್ಲರೆ.

ವರ್ಷದ ಖರ್ಚು ಬೋಟಿನ ಬೆಲೆಯ ಹತ್ತನೇ ಒಂದು ಭಾಗ ಅಂತ ಎಲ್ಲರೂ ಹೇಳುವ ಮಾತಿದೆಯಲ್ಲ, ಹಳೇ ಬೋಟಿಗೆ ಅದನ್ನು ಕೊಟ್ಟ ಬೆಲೆಯ ಮೇಲೆ ಲೆಕ್ಕ ಹಾಕಿದರೆ ಕೈ ಸುಡುತ್ತದೆ. ಬರ್ತಿನ (ಬೋಟು ಕಟ್ಟುವ ಜಾಗ) ಬಾಡಿಗೆ ಉದ್ದಕ್ಕೆ, ಬಣ್ಣ ಮೈಯ ವಿಸ್ತಾರಕ್ಕೆ, ಇಂಪೆಲ್ಲರ್ (ನೀರಿನ ಪಂಪಿನ ಚಕ್ರ), ಫಿಲ್ಟರ್ ಎಂಜಿನ್ ಗಾತ್ರಕ್ಕೆ. ಬೋಟು ಅಗ್ಗಕ್ಕೆ ಸಿಕ್ಕಿತು ಅಂತ ಇವು ಯಾವುದೂ ಅಗ್ಗವಾಗುವುದಿಲ್ಲ. ಇಂಥದೇ ಹೊಸ ಬೋಟಿನ ಖರ್ಚನ್ನೇ ಇದಕ್ಕೂ ಇಟ್ಟುಕೊಳ್ಳಿ, ಮೇಲೆ ವಯಸ್ಸಿನ ರಿಪೇರಿ ಬೇರೆ.

ಎಲ್ಲ ಅಂದಾಜು ಬರವಣಿಗೆಯಲ್ಲಿ ಬಂದ ಮೇಲೆ ಪಟ್ಟಿ ಹೀಗಾಯಿತು. ಎಡ ಎಂಜಿನ್ ಹೊರಗೆ ತೆಗೆದು ಪೂರ್ತಿ ಓವರ್‌ಹಾಲ್, ಹೊಸ ಟರ್ಬೊ, ಹೊಸ ಎಲ್ಬೋ ಸೇರಿ 19. ಬಲ ಎಂಜಿನ್‌ಗೂ ಹೊಸ ಎಲ್ಬೋ, ಎರಡರ ಹೀಟ್ ಎಕ್ಸ್‌ಚೇಂಜರ್ (ಎಂಜಿನ್ ತಣ್ಣಗಿಡುವುದು), ಆಫ್ಟರ್‌ಕೂಲರ್ (ಟರ್ಬೊದ ಗಾಳಿ ತಣ್ಣಗೆ ಮಾಡುವುದು) ಬಿಚ್ಚಿ ತೊಳೆದು ಜೋಡಿಸುವುದಕ್ಕೆ 4. ಡೆಕ್ 3, ವಾಲ್ವುಗಳು 2, ವಿಮೆಯವರು ಕೇಳಿದ ಎಂಜಿನ್ ಕೋಣೆಯ ಸ್ವಯಂಚಾಲಿತ ಬೆಂಕಿ ಆರಿಸುವ ಸಾಧನ ಇತ್ಯಾದಿ 1, ಸರ್ವೇ ಮತ್ತು ಬೋಟು ಎತ್ತಿದ ಖರ್ಚು 2. ಒಟ್ಟು 31. ಟ್ಯಾಂಕ್ ಬದಲಾಯಿಸಿದರೆ ಇನ್ನೂ 7.

ಹೋಲಿಕೆಗೆ ಅದೇ ಮಾದರಿಯ ಇನ್ನೊಂದು ಬೋಟು 112ಕ್ಕೆ ಮಾರಾಟಕ್ಕಿತ್ತು. ಎಂಜಿನ್ ಚೆನ್ನಾಗಿದೆ ಅನ್ನುತ್ತಿದ್ದರು, ಒಳಗೆ ಯಾರೂ ನೋಡಿರಲಿಲ್ಲ. ಹಾಗಾಗಿ ನನ್ನ ಸಲಹೆ ಸರಳವಾಗಿತ್ತು. ಟ್ಯಾಂಕೂ ಸೇರಿ ಒಟ್ಟು 112ಕ್ಕಿಂತ ಕೆಳಗೆ ನಿಲ್ಲಬೇಕು, ಮಧ್ಯೆ ಏನಾದರೂ ಹೊಸ ಖರ್ಚು ಬಂದರೆ ತಡೆದುಕೊಳ್ಳುವ ಜಾಗವೂ ಇರಬೇಕು. ಬೋಟಿನ ಬೆಲೆ ಅದಕ್ಕೆ ಹೊಂದದಿದ್ದರೆ ಬಿಡಿ. ಎಂಜಿನ್ ಓವರ್‌ಹಾಲ್ ಆಗುವವರೆಗೆ ಬೋಟು ದಡದಲ್ಲಿ ನಿಂತಿರುತ್ತದೆ, ಆ ಕಾಯುವಿಕೆಗೂ ಬೆಲೆ ಇದೆ.

ಮಾಲೀಕರು 90ಕ್ಕೆ ಹಿಡಿದಿದ್ದರು. ಎಲ್ಬೋ ಮಾತ್ರ ಬದಲಾಯಿಸಿ ಕೊಡುತ್ತೇನೆ ಅಂದರು. ಅವರನ್ನು ಬೋಟಿಗೇ ಕರೆದುಕೊಂಡು ಹೋಗಿ ಆರನೇ ಸಿಲಿಂಡರಿನಲ್ಲಿ ಉಗುರು ಎಳೆಯಲು ಹೇಳಿದೆ. ಪೂರ್ತಿ ಪಟ್ಟಿಯನ್ನು, ಅಂದಾಜು ಕೊಟ್ಟ ವರ್ಕ್‌ಶಾಪಿನ ಹಾಳೆಯ ಸಮೇತ, ಅವರ ಕೈಗೆ ಕೊಟ್ಟೆವು. ಇನ್ನು ಯಾರು ಬಂದರೂ ಅವರು ಈ ದೋಷ ತಿಳಿಸಿಯೇ ಮಾರಬೇಕು. ಒಂದು ವಾರ ಬಿಟ್ಟು ಅವರೇ ಫೋನ್ ಮಾಡಿದರು. 71ಕ್ಕೆ ನಿಂತಿತು, ಹೆಡ್ ಎತ್ತಿಸಿದ ಖರ್ಚು ಒಪ್ಪಂದದಂತೆ ಅವರದೇ.

ದುಡ್ಡು ಕೊಡುವ ಮುಂಚೆ ಕಾಗದ ಪತ್ರ ನೋಡುವ ಕೆಲಸ ಹೆಂಡತಿ ವಹಿಸಿಕೊಂಡರು. ಹಿಂಬದಿಯ ಬಲಗಡೆ ಕೊರೆದಿರುವ ಬೋಟಿನ ಗುರುತು ಸಂಖ್ಯೆ ನೋಂದಣಿ ಪತ್ರದಲ್ಲಿ ಇರುವುದರ ಜೊತೆ ಅಕ್ಷರಕ್ಕೆ ಅಕ್ಷರ ಹೊಂದಬೇಕು, ಎಂಜಿನ್ ಸಂಖ್ಯೆಗಳೂ ಅಷ್ಟೇ. ಬೋಟಿನ ಮೇಲಿನ ಸಾಲ, ಬಾಕಿ ಬಿಲ್ಲು ಬೋಟಿನ ಹಿಂದೆಯೇ ಹೊಸ ಮಾಲೀಕರಿಗೆ ಬರುವ ಸಾಧ್ಯತೆ ಇರುತ್ತದೆ, ಹಾಗಾಗಿ ಸಾಲ ತೀರಿದ ಪತ್ರ, ಬರ್ತಿನ ಬಾಕಿ ಇಲ್ಲ ಅನ್ನುವ ಪತ್ರ ಎರಡನ್ನೂ ಮೂಲ ಪ್ರತಿಯಲ್ಲೇ ಕೇಳಿದರು. ತಯಾರಕರ ಫಲಕದಲ್ಲಿ ಸಿಇ (ಯೂರೋಪಿನ ಮಾನದಂಡ) ವರ್ಗ ಬಿ ಅಂತಿತ್ತು, ಅಂದರೆ ಗಾಳಿಯ ಬಲ ಅಳೆಯುವ ಬ್ಯೂಫೋರ್ಟ್ ಮಾಪಕದಲ್ಲಿ 8ರವರೆಗಿನ ಗಾಳಿ, 4 ಮೀಟರ್‌ವರೆಗಿನ ಅಲೆಗೆ ವಿನ್ಯಾಸ ಮಾಡಿದ್ದು. ಅವರು ಹೋಗಬೇಕೆಂದಿರುವ ಕರಾವಳಿ ಪ್ರಯಾಣಕ್ಕೆ ಅದು ಧಾರಾಳ.

ಓವರ್‌ಹಾಲ್ ಮುಗಿದ ಮೇಲೆ ಅದೇ ಫೋಟೊ ಟ್ಯಾಕೋಮೀಟರ್ ಹಿಡಿದು ಮತ್ತೆ ಓಡಿಸಿದೆವು. ಬಲ 3,020, ಎಡ 3,030, ಉಷ್ಣತೆ ಒಂದು ಡಿಗ್ರಿಯೊಳಗೆ ಸಮ. ಖರ್ಚು ಅಂದಾಜಿನ 31 ದಾಟಲಿಲ್ಲ, ಒಟ್ಟು 102. ಟ್ಯಾಂಕಿನ ಕೆಲಸ ಮುಂದಿನ ಸಲ ಬೋಟು ಎತ್ತಿದಾಗ ಮಾಡಿಸುತ್ತಾರೆ. ಅಲ್ಲಿಯವರೆಗೆ ಸವೆದ ಟ್ಯಾಂಕನ್ನು ಖಾಲಿ ಮಾಡಿ, ವಾಲ್ವ್ ಮುಚ್ಚಿ, ಎರಡೂ ಎಂಜಿನ್‌ಗೆ ಇನ್ನೊಂದರಿಂದಲೇ ಡೀಸೆಲ್ ಹೋಗುವ ಹಾಗೆ ಪೈಪ್ ತಿರುಗಿಸಿಕೊಟ್ಟಿದ್ದೇನೆ. ದೂರದ ಪ್ರಯಾಣ ಸದ್ಯಕ್ಕೆ ಬೇಡ ಅಂತ ಅವರೂ ಒಪ್ಪಿದ್ದಾರೆ.